ಹಾಡು ಎತ್ತುವವರು ಎದ್ದು ಹೋಗುವಂತಿಲ್ಲ

ರೋಣದಲ್ಲಿ ನಮ್ಮ ಸಭೆ ತೀರ ಸಣ್ಣದು. ಕ್ರಿಸ್ಮಸ್ಸಿಗೆ ಎಲ್ಲರೂ ಬಂದು ಕೂತರೂ ನೆಲಕ್ಕೆ ಹಾಸಿದ ಜಮಖಾನೆ ಅರ್ಧ ಖಾಲಿ ಉಳಿಯುತ್ತದೆ. ಒಂದು ಹಾರ್ಮೋನಿಯಂ ಇದೆ. ಇಲಿ ಅದರ ತಿದಿ ಕಡಿದು ಎಷ್ಟೋ ವರ್ಷವಾಯಿತು. ರಿಪೇರಿ ಮಾಡಿಸಬೇಕೆಂದು ಯಾರಿಗೂ ಅನಿಸಲೇ ಇಲ್ಲ, ಏಕೆಂದರೆ ನಮಗೆ ದೇವಪುತ್ರಪ್ಪನಿದ್ದ. ಅವನು ಗಂಟಲು ಸರಿಮಾಡಿಕೊಂಡು ಹಾಡು ಎತ್ತಿದನೆಂದರೆ ಬಸ್ಸಿಗೆ ಓಡುವವರು ಕೂಡ ನಮ್ಮ ಗುಡಿಯ ಗೇಟಿನ ಹತ್ತಿರ ಒಂದು ಗಳಿಗೆ ನಿಲ್ಲುತ್ತಿದ್ದರು. ಅಂಥ ದನಿ. ಅದನ್ನು ಅವನೂ ಬಲ್ಲ ಎನ್ನುವುದೇ ತೊಂದರೆ.

ಅವನು ನನಗಿಂತ ಚಿಕ್ಕವನು, ಆದ್ದರಿಂದ ಏಕವಚನದಲ್ಲಿ ಬರೆಯುತ್ತೇನೆ. ನಾನು ಸರ್ಕಾರಿ ದವಾಖಾನೆಯಲ್ಲಿ ನರ್ಸಾಗಿದ್ದವಳು. ನಿವೃತ್ತಿಯಾದರೂ ಊರಿಗೆಲ್ಲ ನಾನು ನರ್ಸಬಾಯಿಯೇ. ನನ್ನ ನಾಲಿಗೆ ನನ್ನ ಸೂಜಿಗಿಂತ ಚೂಪು ಎಂದು ಹಿಂದೆ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಸೂಜಿ ಚುಚ್ಚಿಸಿಕೊಂಡವರ ಜ್ವರ ಇಳಿದಿದೆಯಲ್ಲ, ಅಷ್ಟು ಸಾಕು.

ದೇವಪುತ್ರಪ್ಪನ ಕಸುಬು ಕಲಾಯಿ. ತಾಮ್ರ, ಹಿತ್ತಾಳೆ ಪಾತ್ರೆಗಳ ಒಳಮೈಗೆ ತವರ ಹಚ್ಚುವುದು. ಅಜ್ಜನ ಕಾಲದಿಂದ ಬಂದದ್ದು. ಮನೆಮನೆಗೆ ಸ್ಟೀಲು ಬಂದ ಮೇಲೆ ಆ ಕಸುಬಿನ ಕಥೆ ಮುಗಿಯಿತೆಂದು ಎಲ್ಲರೂ ಹೇಳಿದರು. ಆದರೆ ಮದುವೆ ಅಡಿಗೆಯವರ ಹತ್ತಿರ ಆಳೆತ್ತರದ ತಾಮ್ರದ ಡೇಗುಗಳಿವೆ. ಅವಕ್ಕೆ ಕಲಾಯಿ ಬೇಕೇ ಬೇಕು. ಹಾಗಾಗಿ ಅವನ ಅಂಗಳದಲ್ಲಿ ಇದ್ದಿಲ ಹೊಗೆ ಪೂರ್ತಿ ನಿಂತಿರಲಿಲ್ಲ. ಹೆಂಡತಿ ತೀರಿಹೋಗಿದ್ದಳು. ಒಬ್ಬಳೇ ಮಗಳು ಗದಗಿನಲ್ಲಿ ಸಂಸಾರ ಮಾಡಿಕೊಂಡಿದ್ದಾಳೆ. ವಾರವೆಲ್ಲ ಹೊಗೆ ಕುಡಿದು, ಭಾನುವಾರ ಬಿಳಿ ಅಂಗಿ ತೊಟ್ಟು ಬಂದು ಮುಂದೆ ನಿಲ್ಲುತ್ತಿದ್ದ.

ನಮ್ಮ ಸಭೆಯಲ್ಲಿ ಮಾತ್ರ ಹಾಡುವ ಒಂದು ಗೀತೆಯಿದೆ. ಅದು ಸಂಗೀತದ ಪುಸ್ತಕದಲ್ಲಿಲ್ಲ. ಹಿಂದೆಂದೋ ನಮ್ಮ ಸಾಲೆಯಲ್ಲಿದ್ದ ಮಾಸ್ತರರೊಬ್ಬರು, ದೇವಪುತ್ರಪ್ಪನ ಅಜ್ಜ ಕಲಾಯಿ ಹಾಕುವುದನ್ನು ನೋಡುತ್ತ ಕೂತವರು, ಮನೆಗೆ ಹೋಗಿ ಕಟ್ಟಿದರಂತೆ. ಪಲ್ಲವಿ ಹೀಗಿದೆ:

ಹೊರಗೆ ತಿಕ್ಕಿದೆ, ಹೊಳೆಯಿತು ತಂಬಿಗೆ;
ಒಳಗಿನ ಕಿಲುಬು ಕಂಡವ ನೀನೇ.
ಸುಟ್ಟರೆ ಸುಡು, ತಿಕ್ಕಿದರೆ ತಿಕ್ಕು,
ಹೊಸಬನ ಮಾಡೆನ್ನ, ಕರ್ತನೇ.

ತಿಂಗಳ ಮೊದಲ ಭಾನುವಾರ ಗದಗಿನಿಂದ ಕನಕರಾಜ ಅಯ್ಯನವರು ಬಸ್ಸಿನಲ್ಲಿ ಬಂದು ನಮಗೆ ಕರ್ತನ ಭೋಜನ ಕೊಡುತ್ತಾರೆ. ರೊಟ್ಟಿ, ದ್ರಾಕ್ಷಾರಸ ಹಂಚುವ ಮೊದಲು ಈ ಹಾಡು. ಹಾಡು ನಡೆದಾಗ ಒಂದು ಪದ್ಧತಿಯಿದೆ. ಯಾರು ಯಾರ ಮನಸ್ಸು ನೋಯಿಸಿದ್ದಾರೋ ಅವರು ಎದ್ದು ಆ ನೊಂದವರ ಹತ್ತಿರ ಹೋಗಬೇಕು. ಎರಡೂ ಕೈ ಹಿಡಿದು ‘ಸಮಾಧಾನ’ ಎನ್ನಬೇಕು. ನೊಂದವರು ಕೂತಲ್ಲೇ ಕೂತಿರಬೇಕು. ಕೈ ಸಿಕ್ಕ ಮೇಲೆ ಅವರೂ ‘ಸಮಾಧಾನ’ ಎನ್ನಬೇಕು. ಜಗಳ ಇಟ್ಟುಕೊಂಡು ಭೋಜನಕ್ಕೆ ಕೈ ಚಾಚುವಂತಿಲ್ಲ.

ಕೇಳುವುದಕ್ಕೆ ಎಷ್ಟು ಚೆಂದ. ನಡೆಸುವಾಗ ನೋಡಬೇಕು. ಒಮ್ಮೆ ಅತ್ತೆ ಸೊಸೆ ಇಬ್ಬರೂ ತಾನೇ ನೊಂದವಳು, ಆಕೆಯೇ ಏಳಬೇಕೆಂದು ಜಮಖಾನೆಗೆ ಅಂಟಿಕೊಂಡು ಕೂತುಬಿಟ್ಟರು. ಪಲ್ಲವಿ ಸವೆದು ಹೋಗುವಷ್ಟು ಸಲ ಹಾಡಿದ್ದಾಯಿತು. ಅಯ್ಯನವರ ಬಸ್ಸು ತಪ್ಪಿತು. ಕೊನೆಗೆ ಮಾವ ಎದ್ದು ಇಬ್ಬರ ಕೈಯನ್ನೂ ತಾನೇ ಹಿಡಿದು, ‘ತಪ್ಪು ನಂದ, ನಿಮ್ಮಿಬ್ಬರನ್ನೂ ಒಂದ ಮನಿಯಾಗ ಇಟ್ಟದ್ದು’ ಎಂದ. ಅಂದು ಹಾಡು ನಿಂತದ್ದು ನಗುವಿನಿಂದ.

ಹಾಡು ಎತ್ತುವವರಿಗೆ ಬೇರೆ ಎರಡು ನಿಯಮ. ಒಂದು, ಅವರು ಕಣ್ಣು ಮುಚ್ಚಿ ಹಾಡಬೇಕು. ಯಾರು ಯಾರ ಹತ್ತಿರ ಹೋದರೆಂದು ನೋಡಿಕೊಂಡು ಆಮೇಲೆ ಬಾವಿಕಟ್ಟೆಯಲ್ಲಿ ಹೇಳುವ ಹಾಗಾಗಬಾರದು. ಎಲ್ಲರೂ ತಮ್ಮ ಜಾಗಕ್ಕೆ ಬಂದ ಮೇಲೆ ಅಯ್ಯನವರು ‘ಆಮೆನ್’ ಅನ್ನುತ್ತಾರೆ. ಆಗ ಕಣ್ಣು ತೆರೆದು ಕೊನೆಯ ಚರಣ ಹಾಡುವುದು. ಎರಡನೆಯದು, ಅವರು ಎದ್ದು ಹೋಗುವಂತಿಲ್ಲ. ಹಾಡು ನಿಂತರೆ ಎದ್ದವರ ಮೇಲೆ ಎಲ್ಲರ ಕಣ್ಣು ಬೀಳುತ್ತದೆ. ಹಾಡಿದ್ದರೆ ನಾಚಿಕೆಗೆ ಒಂದು ಸೆರಗು ಸಿಕ್ಕ ಹಾಗೆ. ಆದ್ದರಿಂದ ಹಾಡುವವರಿಗೆ ಮಾಫಿ. ಅವರ ಜಗಳ ಅವರು ಹೊರಗೆ ಮುಗಿಸಿಕೊಂಡು ಬರಬೇಕೆಂಬುದು ಹಿರಿಯರ ಲೆಕ್ಕ. ಮುಗಿಸದೇ ಬಂದರೆ ಏನು ಮಾಡಬೇಕೆಂದು ಹಿರಿಯರು ಹೇಳಿ ಹೋಗಲಿಲ್ಲ.

ದೇವಪುತ್ರಪ್ಪನಿಗೆ ಒಬ್ಬಳು ತಂಗಿ, ರೂತವ್ವ. ಕೊಣ್ಣೂರಿನ ಹೊಳೆ ದಾಟಿದರೆ ಸಿಗುವ ಒಂದು ಹಳ್ಳಿಗೆ ಕೊಟ್ಟಿದ್ದರು. ಚಿಕ್ಕಂದಿನಲ್ಲಿ ಬೇನೆ ಬಂದು ಎಡಗಾಲು ತುಸು ಎಳೆಯುತ್ತಿತ್ತು. ಮಿಕ್ಕಂತೆ ಅಣ್ಣನಿಗಿಂತ ಗಟ್ಟಿ. ಗಂಡ ಬೇಗ ಹೋದ, ಮಕ್ಕಳಾಗಲಿಲ್ಲ. ತಾಯಿ ಮಾರ್ಥವ್ವ ಮಗನ ಹತ್ತಿರ ರೋಣದಲ್ಲೇ ಇದ್ದಳು. ಹಾಸಿಗೆ ಹಿಡಿದು ಮಲಗಿದ ತಾಯಿಯನ್ನು ದೇವಪುತ್ರಪ್ಪ ನೋಡಿಕೊಂಡ ರೀತಿಯನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮೈ ಒರೆಸುವುದು, ಬಟ್ಟೆ ಬದಲಿಸುವುದು, ಗಂಜಿ ಕುಡಿಸುವುದು ಎಲ್ಲ ಅವನೇ. ಆ ವಿಷಯದಲ್ಲಿ ಅವನನ್ನು ಬೈಯುವವರ ಬಾಯಿಗೆ ಹುಳ ಬೀಳಲಿ.

ಆದರೆ ಮುದುಕಿ ಕೊನೆಯ ದಿನಗಳಲ್ಲಿ ಮಗನ ಹೆಸರು ಹಿಡಿಯಲಿಲ್ಲ. ‘ರೂತೀ, ರೂತೀ’ ಎಂದು ಒಂದೇ ಸಮನೆ ಬಾಗಿಲ ಕಡೆ ನೋಡುತ್ತಿದ್ದಳು. ಅವನು ಗಂಜಿಯ ಚಮಚ ಹಿಡಿದು ಎದುರಿಗೇ ಕೂತಿರುತ್ತಿದ್ದ. ‘ರೂತಿ ಬಂದಳೇನೋ?’ ಎಂದು ಅವನನ್ನೇ ಕೇಳುತ್ತಿದ್ದಳು. ಒಮ್ಮೆ ಅವನು ಚಮಚ ಬಟ್ಟಲಿಗೆ ಎಸೆದು ಹೊರಗೆ ಹೋದದ್ದನ್ನು ನಾನು ನೋಡಿದೆ.

ಮಾರ್ಥವ್ವ ಸತ್ತದ್ದು ಮಲಪ್ರಭೆ ಸೊಕ್ಕಿ ಹರಿದ ಮಳೆಗಾಲದಲ್ಲಿ. ಫೋನು ಹೋಯಿತು, ರೂತವ್ವ ಹೊರಟಳು. ಕೊಣ್ಣೂರಿನ ಸೇತುವೆಯ ಮೇಲೆ ನೀರು. ಪೊಲೀಸರು ಹಗ್ಗ ಕಟ್ಟಿ ಯಾರನ್ನೂ ಬಿಡುತ್ತಿರಲಿಲ್ಲ. ಅವಳು ಆಚೆ ದಂಡೆಯಲ್ಲಿ ನೆನೆಯುತ್ತ ನಿಂತು, ‘ಒಂದ ದಿನಾ ತಡೀರಿ, ನೀರು ಇಳೀತದ ಅನ್ನಾಕತ್ತಾರ’ ಎಂದು ಫೋನಿನಲ್ಲಿ ಅತ್ತಳು. ಸಭೆಯ ಹಿರಿಯರೂ ತಡೆಯೋಣ ಎಂದರು. ಗದಗಿನಿಂದ ಐಸಿನ ಪೆಟ್ಟಿಗೆ ತರಿಸುತ್ತೇನೆಂದು ನಾನೂ ಹೇಳಿದೆ. ದೇವಪುತ್ರಪ್ಪ ಕೇಳಲಿಲ್ಲ. ಅಂದೇ ಸಂಜೆ ಮಳೆಯಲ್ಲೇ ಮಣ್ಣು ಮಾಡಿಸಿದ.

ನೀರು ಇಳಿದ ಮೇಲೆ ರೂತವ್ವ ಬಂದಳು. ನೆರೆಯಲ್ಲಿ ಅವಳ ಮನೆಯ ಗೋಡೆಯೂ ಕುಸಿದಿತ್ತು. ಉಟ್ಟ ಸೀರೆಯಲ್ಲೇ ಬಂದಿದ್ದಳು. ಹಸಿ ಮಣ್ಣಿನ ಗುಡ್ಡೆಯ ಮೇಲೆ ಬಿದ್ದು ಅಳುತ್ತಿದ್ದ ಅವಳ ಹಿಂದೆ ನಿಂತು, ಹತ್ತು ಜನರ ಎದುರಿಗೆ ಅಣ್ಣ ಹೇಳಿದ:

‘ಬರೂ ಮನಸ್ಸಿದ್ರ ಹೊಳಿ ಅಡ್ಡ ಬರತಿತ್ತೇನು?’

ಅವಳು ಅಳು ನಿಲ್ಲಿಸಿ ಎದ್ದಳು. ಅವನ ಮುಖವನ್ನು ಒಂದು ಸಲ ನೋಡಿದಳು. ಅಂದಿನಿಂದ ಅಣ್ಣ ತಂಗಿಯ ಮಾತು ನಿಂತಿತು.

ಬಿದ್ದ ಮನೆಗೆ ಹೋಗಿ ಮಾಡುವುದೇನು? ರೂತವ್ವ ರೋಣದಲ್ಲೇ ಉಳಿದಳು. ಬಾವರ್ಚಿ ಗೌಸುಸಾಬನೆಂದು ಮದುವೆ ಅಡಿಗೆ ಮಾಡುವವನಿದ್ದಾನೆ. ಅವನ ಹೆಂಡತಿ ಸುಗರಾ ತಮ್ಮ ಅಂಗಳದ ಒಂದು ಕೋಣೆ ಕೊಟ್ಟು, ‘ರೊಟ್ಟಿ ಬಡೀತಿಯಲ್ಲಬೇ, ನಮ್ಮ ಜೋಡಿ ಬಾ’ ಎಂದು ಕರೆದುಕೊಂಡಳು. ಗಜೇಂದ್ರಗಡ, ಸೂಡಿ, ನರಗುಂದ, ಎಲ್ಲಿ ಮದುವೆಯಿದ್ದರೂ ಇವರ ಟೆಂಪೊ ಹೋಗುತ್ತಿತ್ತು. ಡೇಗುಗಳ ನಡುವೆ ರೂತವ್ವ ಕೂತಿರುತ್ತಿದ್ದಳು. ಆ ಡೇಗುಗಳಿಗೆ ಕಲಾಯಿ ಹಾಕುವವನು ಅವಳ ಅಣ್ಣನೇ. ಊರು ಎಷ್ಟು ಸಣ್ಣದೆಂದರೆ ಬೇಡವೆಂದರೂ ಒಬ್ಬರ ಕೈ ಇನ್ನೊಬ್ಬರ ಪಾತ್ರೆಗೆ ತಾಗುತ್ತದೆ.

ಪ್ರತಿ ಭಾನುವಾರ ಇಬ್ಬರೂ ಒಂದೇ ಗುಡಿಗೆ ಬರುತ್ತಿದ್ದರು. ಅವನು ಮುಂದೆ, ಅವಳು ಹೆಂಗಸರ ಕಡೆ ನನ್ನ ಪಕ್ಕ. ತಿಂಗಳ ಮೊದಲ ಭಾನುವಾರ ಅವನು ಕಣ್ಣು ಮುಚ್ಚಿ ‘ಹೊಸಬನ ಮಾಡೆನ್ನ’ ಎಂದು ಹಾಡುತ್ತಿದ್ದ. ಅವಳು ಎರಡೂ ಕೈಯನ್ನು ಮಡಿಲಲ್ಲಿ ಅಂಗೈ ಮೇಲಾಗಿ ಇಟ್ಟುಕೊಂಡು ಕೂತಿರುತ್ತಿದ್ದಳು. ಯಾರೂ ಬಂದು ಹಿಡಿಯುತ್ತಿರಲಿಲ್ಲ. ಭೋಜನದ ತಟ್ಟೆ ಬಂದಾಗ ತಲೆ ಅಲ್ಲಾಡಿಸಿ ನನ್ನ ಕಡೆ ದಾಟಿಸುತ್ತಿದ್ದಳು. ಅವನು ಮಾತ್ರ ತೆಗೆದುಕೊಳ್ಳುತ್ತಿದ್ದ. ನನಗೆ ಮೈಯೆಲ್ಲ ಉರಿಯುತ್ತಿತ್ತು.

‘ನೀನರ ತಗೋಬಾರದೇನು? ತಪ್ಪು ನಿಂದಲ್ಲಲ್ಲ’ ಎಂದು ಒಮ್ಮೆ ಕೇಳಿದೆ.

‘ಜಗಳ ಇಬ್ಬರದೂ ಹೌದಲ್ರಿ ಅಕ್ಕಾರ. ಅವ ಬಂದು ಕೈ ಹಿಡದ ದಿನಾ ತಗೋತೀನಿ. ನನ್ನ ಆಸೆ ಅಷ್ಟ ಐತಿ. ಅವ್ವನ ಮಣ್ಣಂತೂ ಸಿಗಲಿಲ್ಲ, ಅಣ್ಣನ ಕೈಯರ ಸಿಗಲಿ’ ಎಂದಳು.

ನಾನು ಅದನ್ನು ಹಾಗೆಯೇ ತಂದು ದೇವಪುತ್ರಪ್ಪನಿಗೆ ಹೇಳಿದೆ. ಅಂಗಳದಲ್ಲಿ ಡೇಗು ಕಾಯುತ್ತಿತ್ತು. ಗೌಸುಸಾಬನೂ ಅಲ್ಲೇ ಕಟ್ಟೆಯ ಮೇಲೆ ಚಹಾ ಕುಡಿಯುತ್ತ ಕೂತಿದ್ದ.

‘ನಾ ಹಾಡು ಬಿಟ್ಟು ಏಳಾಕ ಬರೂದಿಲ್ರಿ ಅಕ್ಕಾರ. ನೇಮ ಐತಿ’ ಎಂದ ದೇವಪುತ್ರಪ್ಪ.

‘ಹಾಡು ನಾ ಹೇಳತೀನಿ. ನೀ ಎದ್ದು ಹೋಗು.’

‘ನಿಮ್ಮ ದನಿಗೆ ಮಂದಿ ಎದ್ದು ಒಬ್ಬರ ಹತ್ರ ಒಬ್ಬರು ಹೋಗೂದಿಲ್ಲ, ಸೀದಾ ಮನೀಗೆ ಹೋಗತಾರ.’

ಗೌಸುಸಾಬ ನಕ್ಕ, ನನಗೂ ನಗು ಬಂತು. ಅವನ ಮಾತೇ ಹಾಗೆ, ಬೈಯಲು ಹೋದವರನ್ನು ನಗಿಸಿ ಕಳಿಸುತ್ತಿದ್ದ. ಆದರೆ ಗೌಸುಸಾಬ ಬಿಡುವ ಆಸಾಮಿಯಲ್ಲ.

‘ಯಾವಾಗಲೂ ಹಾಡತಿಯಲ್ಲ, ಆ ಹಾಡಿನ ಅರ್ಥರ ಏನು? ಒಂದೀಟು ಬಿಡಿಸಿ ಹೇಳು’ ಎಂದ.

ದೇವಪುತ್ರಪ್ಪನಿಗೆ ಹುರುಪು ಬಂತು. ಇಕ್ಕಳದಿಂದ ಡೇಗನ್ನು ತಿರುಗಿಸುತ್ತ ಹೇಳತೊಡಗಿದ. ‘ನೋಡು, ಹೊರಗ ಹುಣಸಿಹಣ್ಣು ಹಚ್ಚಿ ತಿಕ್ಕಿದ್ರ ಯಾರ ಬೇಕಾದ್ರೂ ಹೊಳಸಬಹುದು. ವಿಷಾ ಇರೂದು ಒಳಗ. ಹಳೇ ಕಲಾಯಿ ಸವೆದಲ್ಲಿ ಕಿಲುಬು ಹಿಡೀತದ. ಅದರ ಮ್ಯಾಲ ಹೊಸಾ ತವರಾ ಹಾಕಿದ್ರ ನಿಲ್ಲೂದಿಲ್ಲ, ಸಿಪ್ಪಿ ಹಾಂಗ ಏಳತದ. ಮೊದಲ ಸುಡಬೇಕು. ಸುಟ್ಟು, ಉಸುಕು ಹಾಕಿ ತಿಕ್ಕಬೇಕು. ತಾಮ್ರ ಬತ್ತಲಿ ಆಗಬೇಕು. ಆಮ್ಯಾಲ ನವಸಾಗರ, ಆಮ್ಯಾಲ ತವರಾ. ಮತ್ತ ಒಮ್ಮಿ ಹಾಕಿದ್ದು ಜಲ್ಮಾನಗಟ್ಟಲೆ ಬಾಳೂದಿಲ್ಲ, ವರ್ಷಾ ವರ್ಷಾ ಹಾಕಬೇಕು. ಮಾಸ್ತರರು ಇದನ್ನ ಬರದಾರ. ಹೊಸಬನ ಮಾಡು ಅಂದ್ರ ಹೊಸಾ ಅಂಗಿ ಕೊಡು ಅಂತಲ್ಲ. ಸುಡು ಅಂತ ಕೇಳೂದು. ಬತ್ತಲಿ ಮಾಡು ಅಂತ ಕೇಳೂದು. ನಮ್ಮ ಮಂದಿಗೆ ತಿಳಿಯೂದಿಲ್ಲ, ಸುಮ್ಮನ ರಾಗಾ ಎಳೀತಾರ.’

ಗೌಸುಸಾಬ ಚಹಾದ ಲೋಟ ಕೆಳಗಿಟ್ಟ.

‘ಭಾಳ ಚಲೋ ಹೇಳಿದಿ. ಹಂಗಾರ ನಿನ್ನ ಭಾಂಡೆ ಯಾವಾಗ ಒಲೀ ಮ್ಯಾಲ ಇಡತಿ?’

ದೇವಪುತ್ರಪ್ಪ ಇಕ್ಕಳ ಕೆಳಗಿಟ್ಟ. ಡೇಗಿನೊಳಗೆ ನವಸಾಗರದ ಪುಡಿ ಚೆಲ್ಲಿದ. ಬಿಳಿ ಹೊಗೆ ಭುಗ್ಗೆಂದು ಎದ್ದು ಅವನ ಮುಖ ಕಾಣದಂತಾಯಿತು. ನಾವಿಬ್ಬರೂ ಕೆಮ್ಮುತ್ತ ಎದ್ದು ಬಂದೆವು.

ಅವನು ಕೆಟ್ಟವನಲ್ಲ. ಇದನ್ನು ನಾನು ಎಲ್ಲರಿಗೂ ಹೇಳುತ್ತೇನೆ. ರೂತವ್ವ ರೊಟ್ಟಿಗೆ ಹಿಟ್ಟು ಕಲೆಸುವ ಹಿತ್ತಾಳೆಯ ಪರಾತವನ್ನು ಅವನು ಗೌಸುಸಾಬನಿಂದ ತರಿಸಿಕೊಂಡು, ಯಾರೂ ಕೇಳದಿದ್ದರೂ ಕಲಾಯಿ ಹಾಕಿ ಕಳಿಸುತ್ತಿದ್ದ. ‘ಪರಾತ ಚಲೋ ಆಗೇತಿ ಅಂತ ಹೇಳ್ರಿ’ ಎಂದು ರೂತವ್ವ ಸುಗರಾಳ ಮೂಲಕ ಹೇಳಿಸುತ್ತಿದ್ದಳು. ಅದೇ ಸಾಕು, ಅದೇ ಮಾತಾಡಿದ ಹಾಗೆ ಎಂದು ಅವನು ತಿಳಿದಿದ್ದ. ಎದ್ದು ನಾಲ್ಕು ಹೆಜ್ಜೆ ಹೋಗುವುದಕ್ಕಿಂತ ನಾಲ್ಕು ಪಾತ್ರೆ ತಿಕ್ಕುವುದು ಸುಲಭ. ನಾವು ಬಹಳ ಜನ ಹಾಗೆಯೇ ಬದುಕಿ ಮುಗಿಸುತ್ತೇವೆ.

ಕಳೆದ ವರ್ಷ ರೂತವ್ವನ ಹೊಟ್ಟೆಯಲ್ಲಿ ನೋವು ಶುರುವಾಯಿತು. ಮದುವೆಯ ಊಟ ಹೆಚ್ಚಾಗಿದೆ ಎಂದು ಮೊದಮೊದಲು ತಾನೇ ನಗುತ್ತಿದ್ದಳು. ನಾನು ಕೈಯಿಟ್ಟು ನೋಡಿದೆ, ಗಂಟು ಸಿಕ್ಕಿತು. ಹುಬ್ಬಳ್ಳಿಗೆ ಕರೆದುಕೊಂಡು ಹೋದೆವು. ಡಾಕ್ಟರು ನನ್ನೊಬ್ಬಳನ್ನೇ ಒಳಗೆ ಕರೆದು, ನರ್ಸಾಗಿದ್ದವರು ನಿಮಗೆ ಬೇರೆ ಹೇಳಬೇಕಿಲ್ಲ ಎಂದರು. ಹೇಳಬೇಕಿರಲಿಲ್ಲ. ಬರುವಾಗ ಬಸ್ಸಿನಲ್ಲಿ ರೂತವ್ವ ಕಿಟಕಿಯ ಹೊರಗೆ ನೋಡುತ್ತ, ‘ಮೊದಲನೇ ಭಾನುವಾರ ಯಾವಾಗ ಬರತದ್ರಿ?’ ಎಂದು ಕೇಳಿದಳು. ಅಷ್ಟೇ ಕೇಳಿದ್ದು.

ನಾನು ದೇವಪುತ್ರಪ್ಪನ ಮನೆಗೆ ನೇರ ಹೋಗಿ, ‘ನಿನ್ನ ತಂಗಿ ಉಳಿಯೂದಿಲ್ಲ’ ಎಂದೆ. ಅವನು ಗೋಡೆಗೆ ಒರಗಿ ಕೂತುಬಿಟ್ಟ.

‘ಈಗ ಹೋಗು. ಗೌಸುಸಾಬನ ಅಂಗಳ ಎಷ್ಟು ದೂರ?’ ಎಂದೆ.

‘ಈಗ ಹೋದ್ರ, ಸಾಯಾಕತ್ತಾಳಂತ ಬಂದ ಅಂತಾಳ್ರಿ. ದಯಾ ತೋರಸಾಕ ಬಂದ ಅಂತಾಳ. ಗುಡ್ಯಾಗ, ಎಲ್ಲಾರ ಮುಂದ... ಅಲ್ಲೇ ಆಗಬೇಕು. ಬರೂ ಭಾನುವಾರ.’

‘ಹಾಡು?’

‘ನೋಡೂಣ್ರಿ. ಏನರ ಒಂದು ಮಾಡೂಣ.’

ಬರುವ ಭಾನುವಾರ ಬಂತು, ಹೋಯಿತು. ಆ ತಿಂಗಳು ಅವನು ಮಾಡಿದ್ದು ಹಾಡನ್ನು ಇನ್ನಷ್ಟು ಚೆನ್ನಾಗಿ ಹಾಡಿದ್ದೊಂದೇ. ಕನಕರಾಜ ಅಯ್ಯನವರು ಅವನನ್ನು ಬದಿಗೆ ಕರೆದು ತಿಳಿಹೇಳಿದರು. ‘ಹೌದ್ರಿ, ಬರೂ ತಿಂಗಳ’ ಎಂದ. ಸಾವಿನ ಹತ್ತಿರ ನಾವು ಹೀಗೆ ವಾಯಿದೆ ಕೇಳುತ್ತೇವೆ.

ಮುಂದಿನ ತಿಂಗಳ ಹೊತ್ತಿಗೆ ರೂತವ್ವ ಹಾಸಿಗೆಯಿಂದ ಏಳುವ ಹಾಗಿರಲಿಲ್ಲ. ಆದರೂ ಆ ಭಾನುವಾರ ತೊಳೆದ ಸೀರೆ ಉಟ್ಟು ಸಿದ್ಧವಾಗಿದ್ದಳು. ಗೌಸುಸಾಬನ ಮಗ ಆರಿಫ ಆಟೊದಲ್ಲಿ ಗೇಟಿನ ತನಕ ತಂದ. ಸುಗರಾ ಮತ್ತು ನಾನು ಎರಡು ಕಡೆ ಹಿಡಿದು ಒಳಗೆ ಕೂರಿಸಿದೆವು. ಸುಗರಾ ಹೊರಗೆ ಬೇವಿನ ನೆರಳಿಗೆ ಹೋಗಿ ನಿಂತಳು. ಎಲ್ಲರಿಗೂ ಗೊತ್ತಿತ್ತು, ಇದು ಆಕೆಯ ಕೊನೆಯ ಭೋಜನದ ದಿನ. ಅಣ್ಣ ಏಳುತ್ತಾನೋ ಇಲ್ಲವೋ ಎಂಬುದೊಂದೇ ಎಲ್ಲರ ಮನಸ್ಸಿನಲ್ಲಿ. ಅಯ್ಯನವರ ಪ್ರಸಂಗವನ್ನು ಅಂದು ಯಾರೂ ಕೇಳಿರಲಿಕ್ಕಿಲ್ಲ.

ದೇವಪುತ್ರಪ್ಪ ಹಾಡು ಎತ್ತಿದ. ಕಣ್ಣು ಮುಚ್ಚಿದ. ಯಾರೋ ಇಬ್ಬರು ಎದ್ದು, ಕೈ ಹಿಡಿದು, ವಾಪಸು ಬಂದರು. ಮತ್ತಾರೂ ಏಳಲಿಲ್ಲ. ಅಯ್ಯನವರು ‘ಆಮೆನ್’ ಅನ್ನಬೇಕಿತ್ತು, ಅನ್ನಲಿಲ್ಲ. ಅವರೂ ಕಾಯುತ್ತಿದ್ದರು. ಪಲ್ಲವಿ ಮತ್ತೆ ಬಂತು. ಮತ್ತೆ ಬಂತು. ರೂತವ್ವನ ಕೈಗಳು ಮಡಿಲಲ್ಲಿ ಅಂಗೈ ಮೇಲಾಗಿಯೇ ಇದ್ದವು.

ಆಗ ಅವಳು ಎದ್ದಳು.

ನೊಂದವರು ಏಳುವ ಪದ್ಧತಿ ನಮ್ಮಲ್ಲಿಲ್ಲ. ನಾನು ಗಾಬರಿಯಾಗಿ ಕೈ ಕೊಡಹೋದೆ, ಬೇಡವೆಂದು ತಳ್ಳಿದಳು. ಗೋಡೆ ಹಿಡಿದು, ಆಮೇಲೆ ಗೋಡೆಯನ್ನೂ ಬಿಟ್ಟು, ಎಡಗಾಲು ಎಳೆಯುತ್ತ ಜಮಖಾನೆಯ ನಡುವೆ ಹೋದಳು. ಅಣ್ಣನ ಎದುರಿಗೆ ಒಂದು ಮೊಳ ದೂರದಲ್ಲಿ ನಿಂತಳು. ‘ಅಣ್ಣಾ’ ಎಂದಳು. ಹಾಡಿನ ಅಡಿಯಲ್ಲಿ ಅದು ನನಗೆ ಕೇಳಿಸಲಿಲ್ಲ, ತುಟಿ ಆಡಿದ್ದು ಕಂಡಿತು. ಎರಡೂ ಕೈ ಅರ್ಧ ಚಾಚಿದ್ದಳು. ಹಿಡಿಯುವುದು ಮಾತ್ರ ಅವನ ಪಾಲಿಗೆ ಉಳಿದಿತ್ತು.

ಅವನು ಕಣ್ಣು ಮುಚ್ಚಿ ಹಾಡುತ್ತಿದ್ದ.

ಯಾರಾದರೂ ಅವನ ಭುಜ ಮುಟ್ಟಬಹುದಿತ್ತು. ಅಯ್ಯನವರು ಮುಟ್ಟಬಹುದಿತ್ತು, ಮುಂದೆ ಕೂತ ಗಂಡಸರು ಮುಟ್ಟಬಹುದಿತ್ತು. ಹಾಡು ತುಂಡು ಮಾಡಬಾರದೆಂದು ಕಲಿತ ಮಂದಿ ನಾವು. ಪಲ್ಲವಿ ಪೂರ್ತಿ ಮುಗಿದು ಇನ್ನೊಂದು ಸುತ್ತು ಶುರುವಾಯಿತು. ಅವಳ ಕೈ ಕೆಳಗಿಳಿದವು. ಮೆಲ್ಲಗೆ ತಿರುಗಿದಳು. ನಾನು ಓಡಿ ಹೋಗಿ ಹಿಡಿಯದಿದ್ದರೆ ಅಲ್ಲೇ ಬೀಳುತ್ತಿದ್ದಳು. ನಾವು ಬಂದು ಕೂತ ಮೇಲೆ ಅಯ್ಯನವರು ಮುಖ ಕೆಳಗೆ ಹಾಕಿ ‘ಆಮೆನ್’ ಎಂದರು. ದೇವಪುತ್ರಪ್ಪ ಕಣ್ಣು ತೆರೆದು ಕೊನೆಯ ಚರಣ ಹಾಡಿದ. ತಟ್ಟೆ ಬಂತು. ರೂತವ್ವ ತಲೆ ಅಲ್ಲಾಡಿಸಿ ನನ್ನ ಕಡೆ ದಾಟಿಸಿದಳು.

ಅವಳು ಆ ವಾರ ದಾಟಲಿಲ್ಲ. ಗೌಸುಸಾಬನ ಅಂಗಳದ ಕೋಣೆಯಲ್ಲಿ ಒಂದು ಮಧ್ಯಾಹ್ನ, ಸುಗರಾ ತುಟಿಗೆ ನೀರು ಹಚ್ಚುತ್ತಿದ್ದಾಗ, ನನ್ನ ಸೆರಗು ಹಿಡಿದು ಹತ್ತಿರ ಎಳೆದಳು.

‘ಅಣ್ಣಗ ಏನೂ ಅನಬ್ಯಾಡ್ರಿ ಅಕ್ಕಾರ. ಕಣ್ಣ ಮುಚ್ಚಿದ್ದ, ಪಾಪ. ಅವಗ ಹ್ಯಾಂಗ ಗೊತ್ತಾಗಬೇಕು? ಗೊತ್ತಾಗಿದ್ರ ಹಿಡೀತಿದ್ದ’ ಎಂದಳು.

ಮುಖ ತಿಳಿಯಾಗಿತ್ತು. ಅದನ್ನೇ ನಂಬಿಕೊಂಡು ಹೋದಳು.

ಅವಳನ್ನು ತಾಯಿಯ ಪಕ್ಕದಲ್ಲೇ ಮಣ್ಣು ಮಾಡಿದೆವು. ಗದಗಿನಿಂದ ಮಗಳು ಬರಲೆಂದು ದೇವಪುತ್ರಪ್ಪ ಅಂದು ಕತ್ತಲಾಗುವ ತನಕ ಕಾಯಿಸಿದ. ಹಾಡು ಎತ್ತು ಎಂದರೆ ತಲೆ ಅಲ್ಲಾಡಿಸಿದ. ಹೀಗಾಗಿ ಹಾಡಿಲ್ಲದೆ ಮಣ್ಣು ಬಿತ್ತು. ಜನ ಒಬ್ಬೊಬ್ಬರಾಗಿ ಬಂದು ಅವನ ಬೆನ್ನು ಸವರಿದರು. ‘ನೀ ಮನಸ್ಸಿಗೆ ಹಚ್ಚಿಕೋಬ್ಯಾಡ. ನಿನಗೇನು ಗೊತ್ತಿತ್ತು? ಕಣ್ಣ ಮುಚ್ಚಿದ್ದಿ.’ ಎಲ್ಲರ ಬಾಯಲ್ಲೂ ಇದೇ ಮಾತು. ನಾನೂ ಅದನ್ನೇ ಹೇಳಿದೆ. ಅವನ ಮೇಲೆ ನನಗಿದ್ದ ಸಿಟ್ಟೆಲ್ಲ ಆ ಗುಂಡಿಯಲ್ಲಿ ಹೋಯಿತೆಂದು ತಿಳಿದಿದ್ದೆ. ಪಾಪದ ಮನುಷ್ಯ, ನಿಯಮಕ್ಕೆ ಕಟ್ಟುಬಿದ್ದು ತಂಗಿಯ ಕೈ ತಪ್ಪಿಸಿಕೊಂಡ ಎಂದುಕೊಂಡೆ.

ಮುಂದಿನ ತಿಂಗಳ ಮೊದಲ ಭಾನುವಾರ ನಾನು ಗುಡಿಗೆ ಬೇಗ ಹೋದೆ. ರೂತವ್ವ ಕೊನೆಗೆ ಆಡಿದ ಮಾತನ್ನು ಅವನಿಗೆ ಹೇಳಬೇಕಿತ್ತು. ಅಷ್ಟು ದಿನ ಅವನು ಬಾಗಿಲು ಹಾಕಿಕೊಂಡು ಯಾರಿಗೂ ಸಿಕ್ಕಿರಲಿಲ್ಲ. ಆ ಮಾತು ಕೇಳಿದರೆ ಅವನಿಗೆ ಒಂದು ತುತ್ತು ಅನ್ನವಾದರೂ ಗಂಟಲಲ್ಲಿ ಇಳಿದೀತು ಎಂದು ನನ್ನ ಆಸೆ. ಅವನು ಪ್ರಾರ್ಥನೆ ಶುರುವಾದ ಮೇಲೆ ಬಂದ. ಆರಾಧನೆ ಮುಗಿದ ಮೇಲೆ ಹೇಳೋಣವೆಂದು ಸುಮ್ಮನಾದೆ.

ಹಾಡಿನ ಹೊತ್ತಾಯಿತು. ಅಯ್ಯನವರು ಅವನ ಕಡೆ ನೋಡಿದರು. ಅವನು ಎದ್ದು ನಿಂತ. ಗಂಟಲು ಸರಿಮಾಡಿಕೊಂಡ. ಹಾಡು ಬರಲಿಲ್ಲ. ಕಣ್ಣು ತೆರೆದೇ ಇದ್ದವು.

‘ನನಗ ಗೊತ್ತಿತ್ತು’ ಎಂದ.

ಯಾರಿಗೂ ಅರ್ಥವಾಗಲಿಲ್ಲ. ಅಯ್ಯನವರು, ‘ಏನು ದೇವಪುತ್ರಪ್ಪ?’ ಎಂದರು.

‘ಆಕಿ ಬಂದು ನಿಂತದ್ದು ಗೊತ್ತಿತ್ರಿ. ಆಕೀ ಹೆಜ್ಜಿ ಸಪ್ಪಳ ನನಗ ತಿಳಿಯೂದಿಲ್ಲೇನು? ಆಕೀಗೆ ನಡಿಯಾಕ ಕಲಿಸಿದಾಂವ ನಾನ. ಅಣ್ಣಾ ಅಂದದ್ದೂ ಕೇಳಿಸ್ತು. ನೀವೆಲ್ಲಾ ನಿನಗೇನು ಗೊತ್ತು, ನಿನಗೇನು ಗೊತ್ತು ಅಂತೀರಿ. ಗೊತ್ತಿತ್ರಿ. ಆಕೀನ ಎದ್ದು ಬಂದ್ಲಲ್ಲ, ಅಂದ್ರ ತಪ್ಪು ಆಕೀದಂತ ಮಂದಿ ತಿಳಕೊಳ್ಳಲಿ, ಇನ್ನೊಂದು ಪಲ್ಲವಿ ಮುಗಿಯೂತನಕ ಆಕಿ ನಿಲ್ಲಲಿ ಅಂದೆ. ನಿಂತಾಳು ಅಂದ್ಕೊಂಡೆ. ಅಷ್ಟ ಹಾಡಿ ಕಣ್ಣ ತೆರದೆ. ಬೆನ್ನು ಕಂಡ್ತು. ಕರೀಬೇಕು ಅಂದ್ರ ಬಾಯಾಗ ಹಾಡಿತ್ತು. ಮತ್ತ ಕಣ್ಣ ಮುಚ್ಚಿಕೊಂಡೆ.’

ಹೊರಗೆ ಬಸ್ಸೊಂದು ಹಾರ್ನು ಹೊಡೆಯುತ್ತ ಹೋಯಿತು. ಅವನು ಅಳುತ್ತಿರಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು, ನಮಗೆ ಮಾಡಲು ಒಂದು ಕೆಲಸವಾದರೂ ಸಿಗುತ್ತಿತ್ತು. ಎದ್ದು ಹೋಗಬೇಕಾದವನು ಈಗ ಎದ್ದಿದ್ದ, ಹೋಗುವುದಕ್ಕೆ ಜಾಗವಿರಲಿಲ್ಲ.

ಅಯ್ಯನವರು ಮೆಲ್ಲಗೆ, ‘ದೇವರು ಕೇಳಿಸಿಕೊಂಡಾನ, ಕೂಡು. ಭೋಜನ ತಗೋ’ ಎಂದರು.

‘ನಾ ನೋಯಿಸಿದ್ದು ದೇವರನ್ನಲ್ರಿ ಅಯ್ಯನವರ. ದೇವರು ಆಕೀನ್ನ ನನ್ನ ಹತ್ರ ಕಳಿಸಿದ್ದ’ ಎಂದು ಕೂತ.

ಹಾಡಿಲ್ಲದೆಯೇ ಅಯ್ಯನವರು ರೊಟ್ಟಿ ಮುರಿದರು. ತಟ್ಟೆ ತನ್ನ ಮುಂದೆ ಬಂದಾಗ ಅವನು ತಲೆ ಅಲ್ಲಾಡಿಸಿ ಪಕ್ಕದವರಿಗೆ ದಾಟಿಸಿದ. ನನಗೆ ಅವನನ್ನು ಕಪಾಳಕ್ಕೆ ಹೊಡೆಯಬೇಕೆನಿಸಿತು. ಅದೇ ಕ್ಷಣದಲ್ಲಿ ಅವನ ತಲೆಯನ್ನು ಎದೆಗೆ ಒತ್ತಿಕೊಂಡು ಅಳಬೇಕೆಂದೂ ಅನಿಸಿತು. ಎರಡನ್ನೂ ಮಾಡಲಿಲ್ಲ.

ಈಗಲೂ ಅವನು ಪ್ರತಿ ಭಾನುವಾರ ಬರುತ್ತಾನೆ, ಹಿಂದೆ ಬಾಗಿಲ ಹತ್ತಿರ ಕೂರುತ್ತಾನೆ. ಎದುರಿಗೆ ಸಿಕ್ಕಾಗ ಎಷ್ಟೋ ಸಲ ಕೇಳಿದ್ದಾನೆ: ‘ಅಕ್ಕಾರ, ಕಡೀಕ ನೀವ ಇದ್ರಿ. ನನ್ನ ಬಗ್ಗೆ ಆಕಿ ಏನರ ಅಂದ್ಲೇನ್ರಿ? ಬೈದಿದ್ರೂ ಹೇಳ್ರಿ.’

ಊರಿಗೆಲ್ಲ ಚೂಪಾದ ನಾಲಿಗೆ ನನ್ನದು. ‘ಗೊತ್ತಾಗಿದ್ರ ಹಿಡೀತಿದ್ದ’ ಎಂಬ ಮಾತು ಅದರ ತುದಿಗೆ ಬಂದರೂ ಪ್ರತಿ ಸಲವೂ ಸುಳ್ಳು ಹೇಳುತ್ತೇನೆ. ‘ಏನೂ ಅನಲಿಲ್ಲಪ್ಪಾ. ಮಾತು ನಿಂತಿತ್ತು’ ಎನ್ನುತ್ತೇನೆ.